ಯೂನಿ ಟೋಕನ್ ಇಟ್ಟುಕೊಂಡವರು ಮತ ಹಾಕುವ ಬಗೆ

ಡೊಂಬಿವಲಿಯ ನಮ್ಮ ಸೊಸೈಟಿಯ ಸೆಕ್ರೆಟರಿಗಿರಿ ನನ್ನ ಕೊರಳಿಗೆ ಬಿದ್ದು ವರ್ಷಗಳಾದವು. ಎಜಿಎಂಗೆ (ವಾರ್ಷಿಕ ಸಭೆಗೆ) ಕೋರಂ, ಅಂದರೆ ಬೇಕಾದಷ್ಟು ಹಾಜರಿ, ಆಗದಿದ್ದರೆ ಅರ್ಧ ಗಂಟೆ ಚಹಾ ಕುಡಿದು ಮತ್ತೆ ಶುರು ಮಾಡುತ್ತೇವೆ, ಆಗ ಕೋರಂ ಬೇಕಿಲ್ಲ. ಸದಸ್ಯನಿಗೆ ಒಂದೇ ಮತ, ಪ್ರಾಕ್ಸಿ ನಡೆಯದು. ಬಿ ವಿಂಗಿನ ಉಡುಪಿ ಕಡೆಯ ಹುಡುಗ ಮೊನ್ನೆ ಕೇಳಿದ: “ಮಾಮ, ಡಾವ್‌ನಲ್ಲೂ ಹೀಗೆಯೇ?” (ಡಾವ್ ಅಂದರೆ ಕ್ರಿಪ್ಟೋ ಟೋಕನ್ ಇಟ್ಟುಕೊಂಡವರ ಮತದಿಂದ ಇಂಟರ್‌ನೆಟ್‌ನಲ್ಲಿ ನಡೆಯುವ ಸಂಘ.) ಅಲ್ಲ ಮಾರಾಯ, ಮೂರೂ ಉಲ್ಟಾ. ಅಲ್ಲಿ ಟೋಕನ್‌ಗೊಂದು ಮತ. ಕೋರಂ ಆಗದಿದ್ದರೆ ಠರಾವು ಬಿತ್ತು. ನಿನ್ನ ಮತವನ್ನು ಇನ್ನೊಬ್ಬನಿಗೆ ವಹಿಸುವುದಂತೂ ಅಲ್ಲಿಯ ದಿನನಿತ್ಯದ ವ್ಯವಹಾರ.

ಅವನ ಹತ್ತಿರ ಇದ್ದದ್ದು ಯೂನಿ, ಯೂನಿಸ್ವಾಪ್ ಎಂಬ ಕ್ರಿಪ್ಟೋ ಅದಲುಬದಲಿನ ವ್ಯವಸ್ಥೆಯ ಮತದ ಟೋಕನ್. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲು ಟೋಕನ್ ಎಲ್ಲಿದೆ ನೋಡಿ. ಎಕ್ಸ್‌ಚೇಂಜಿನ (ಕ್ರಿಪ್ಟೋ ಕೊಂಡು ಮಾರುವ ಕಂಪನಿಯ) ಖಾತೆಯಲ್ಲಿದ್ದರೆ ಚೈನ್ ಮೇಲೆ, ಅಂದರೆ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕಪುಸ್ತಕದಲ್ಲಿ, ಅದು ಎಕ್ಸ್‌ಚೇಂಜಿನ ವಿಳಾಸದಲ್ಲಿರುತ್ತದೆ. ನಿಮ್ಮ ಕೈಯಲ್ಲಿ ಮತವಿಲ್ಲ. ನಿಮ್ಮದೇ ವಾಲೆಟ್‌ಗೆ (ಕೀಲಿ ನಿಮ್ಮ ಕೈಯಲ್ಲೇ ಇರುವ ಆ್ಯಪ್‌ಗೆ) ತಂದುಕೊಳ್ಳಿ, ಗ್ಯಾಸ್‌ಗೆಂದು, ಅಂದರೆ ಚೈನ್ ಮೇಲಿನ ಕೆಲಸದ ಶುಲ್ಕಕ್ಕೆಂದು, ಸ್ವಲ್ಪ ಈಥರ್ (ಆ ಚೈನ್‌ನ ನಾಣ್ಯ) ಕೂಡ ಇರಲಿ.

ಹೆಚ್ಚಿನವರು ಎಡವುವುದು ಇದರ ಮುಂದೆ. ವಾಲೆಟ್‌ನಲ್ಲಿ ಯೂನಿ ಇದ್ದ ಮಾತ್ರಕ್ಕೆ ಮತ ಹುಟ್ಟುವುದಿಲ್ಲ, ಡೆಲಿಗೇಟ್ ಮಾಡಬೇಕು, ಅಂದರೆ ಮತ ಯಾರ ಹೆಸರಿಗೆ ಎಂದು ಬರೆಸಬೇಕು. ನೀವೇ ಹಾಕುವುದಾದರೂ ನಿಮ್ಮ ವಿಳಾಸವನ್ನೇ ಡೆಲಿಗೇಟ್ ಆಗಿ ಕೊಟ್ಟು ಒಂದು ಟ್ರಾನ್ಸಾಕ್ಷನ್ ಮಾಡಬೇಕು. ಒಮ್ಮೆ ಮಾಡಿದರೆ ಬದಲಿಸುವ ತನಕ ನಡೆಯುತ್ತದೆ. ಇದರಲ್ಲಿ ಟೋಕನ್ ಎಲ್ಲಿಗೂ ಹೋಗುವುದಿಲ್ಲ. ವಾಲೆಟ್ ಪರದೆಯಲ್ಲಿ ಡೆಲಿಗೇಟ್ ಬದಲು ಅಪ್ರೂವ್ (ಟೋಕನ್ ತೆಗೆಯಲು ಬೇರೆಯವರಿಗೆ ಅನುಮತಿ) ಅಥವಾ ಟ್ರಾನ್ಸ್‌ಫರ್ ಎಂದು ಕಂಡರೆ ಅಲ್ಲೇ ರದ್ದು ಮಾಡಿ ಹೊರಬನ್ನಿ, ಅದು ಕಳ್ಳರ ಪುಟ.

ಯಾವಾಗ ಮಾಡಬೇಕು? ಮತದಾನ ತೆರೆಯುವ ಬ್ಲಾಕ್‌ನಲ್ಲಿ (ಚೈನ್ ಲೆಕ್ಕಪುಸ್ತಕದ ಆ ಹೊತ್ತಿನ ಪುಟದಲ್ಲಿ) ಯಾರ ಹೆಸರಿಗೆ ಎಷ್ಟು ಮತವಿತ್ತೋ ಅಷ್ಟೇ ಲೆಕ್ಕ. ಠರಾವು ಮಂಡನೆಯಾಗಿ ಮತದಾನ ತೆರೆಯಲು ಸುಮಾರು 2 ದಿನ ಇರುತ್ತದೆ, ಅದರೊಳಗೆ ಮುಗಿಸಿ. ತೆರೆದ ಮೇಲೆ ಯೂನಿ ಕೊಂಡರೂ ಡೆಲಿಗೇಟ್ ಮಾಡಿದರೂ ಆ ಠರಾವಿಗೆ ಉಪಯೋಗವಿಲ್ಲ. ಇದು ಅಧಿಕಾರಶಾಹಿ ಕಿರಿಕಿರಿ ಅನ್ನಿಸಿದರೆ ಬೀನ್‌ಸ್ಟಾಕ್ ಎಂಬ ಇನ್ನೊಂದು ಕ್ರಿಪ್ಟೋ ಯೋಜನೆಯ ಕಥೆ ನೋಡಿ. 2022ರ ಏಪ್ರಿಲ್‌ನಲ್ಲಿ ಒಬ್ಬ ಫ್ಲ್ಯಾಶ್ ಲೋನ್ (ಅಡವಿಲ್ಲದೆ ಸಿಕ್ಕಿ ಅದೇ ಟ್ರಾನ್ಸಾಕ್ಷನ್‌ನಲ್ಲಿ ತೀರಿಸಬೇಕಾದ ಸಾಲ) ಎತ್ತಿ, ಆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮೂರನೇ ಎರಡರಷ್ಟು ಮತ ಕೂಡಿಸಿ, ತನ್ನದೇ ಠರಾವು ಪಾಸು ಮಾಡಿ, ಸಾಲವನ್ನೂ ತೀರಿಸಿ ಹೋದ. ನಷ್ಟ ಸುಮಾರು 18 ಕೋಟಿ ಡಾಲರ್. ಹಳೆಯ ಬ್ಲಾಕ್‌ನ ಲೆಕ್ಕ ಹಿಡಿದಿದ್ದರೆ ಆ ಸಾಲದ ಮತ ಅವನಿಗೆ ದಕ್ಕುತ್ತಿರಲಿಲ್ಲ.

ಮತದಾನ ಎರಡು ಕಡೆ ನಡೆಯುತ್ತದೆ. ಸ್ನ್ಯಾಪ್‌ಶಾಟ್ ಎಂಬ ಜಾಲತಾಣದಲ್ಲಿ ನಾಡಿ ನೋಡುವ ಮತ: ವಾಲೆಟ್ ಸಹಿ ಸಾಕು, ಗ್ಯಾಸ್ ಇಲ್ಲ, ಮುಗಿಯುವವರೆಗೆ ಬದಲಿಸಲೂಬಹುದು. ನಿಜವಾಗಿ ಹಣ ಅಲುಗಿಸುವುದು ಆನ್-ಚೈನ್ ಮತ. ಅದಕ್ಕೆ ಗ್ಯಾಸ್ ಕೊಡಬೇಕು, ಒಮ್ಮೆ ಒತ್ತಿದರೆ ಹಿಂದಕ್ಕಿಲ್ಲ. ಆದ್ದರಿಂದ ಶೀರ್ಷಿಕೆ ಓದಿ ಒತ್ತಬೇಡಿ. ಎಷ್ಟು ಟೋಕನ್, ಯಾವ ವಿಳಾಸಕ್ಕೆ ಎಂಬ ಸಾಲುಗಳನ್ನು ತೆರೆದು ನೋಡಿ. ನಮ್ಮ ಕಡೆ ಲಿಫ್ಟ್ ರಿಪೇರಿಯ ಕೊಟೇಶನ್ ಓದದೆ ಕೈ ಎತ್ತುವವರೇ ಜಾಸ್ತಿ, ಅದು ಬೇರೆ ಮಾತು.

ಪರ, ವಿರುದ್ಧ, ತಟಸ್ಥ ಎಂದು ಮೂರು ಗುಂಡಿಗಳು. ಯೂನಿಸ್ವಾಪ್‌ನಲ್ಲಿ ಕೋರಂ 4 ಕೋಟಿ ಯೂನಿ, ಅದೂ ‘ಪರ’ ಮತಗಳಷ್ಟೇ ಎಣಿಕೆಗೆ. ಓಪನ್‌ಜೆಪ್ಪೆಲಿನ್‌ನ ಗವರ್ನರ್ ಎಂಬ ಸಿದ್ಧ ಮತದಾನ ಕೋಡ್ ಬಳಸುವ ಡಾವ್‌ಗಳಲ್ಲಿ ಸಾಮಾನ್ಯವಾಗಿ ತಟಸ್ಥ ಮತವೂ ಕೋರಂಗೆ ಸೇರುತ್ತದೆ. ಕೋರಂ ತುಂಬಬಾರದು ಎನ್ನುವವರು ಅಲ್ಲಿ ತಟಸ್ಥ ಒತ್ತಿದರೆ ಎದುರಾಳಿಗೇ ನೆರವು.

2020ರಲ್ಲಿ ಹಳೆಯ ಬಳಕೆದಾರರ ಪ್ರತಿ ವಿಳಾಸಕ್ಕೂ ಹಂಚಿದ್ದು 400 ಯೂನಿ. 4 ಕೋಟಿಯ ಮುಂದೆ ಅದೆಷ್ಟು? ಹಾಗಾಗಿ ಒಳ್ಳೆಯ ಡೆಲಿಗೇಟ್‌ಗೆ ವಹಿಸುವುದೇ ಜಾಣತನ ಅನ್ನುತ್ತೇನೆ. ಹಿಂದೆ ಎಷ್ಟು ಠರಾವುಗಳಿಗೆ ಹಾಜರಿದ್ದರು, ಯಾವ ಕಾರಣ ಬರೆದರು ಅನ್ನುವುದನ್ನು ನೋಡಿ. 2024ರ ಜುಲೈಯಲ್ಲಿ ಕಾಂಪೌಂಡ್ ಎಂಬ ಕ್ರಿಪ್ಟೋ ಸಾಲದ ಡಾವ್‌ನ 289ನೇ ಠರಾವು 6,82,191 ಪರ, 6,33,636 ವಿರುದ್ಧ ಮತಗಳಿಂದ ಗೆದ್ದಿತು. ಖಜಾನೆಯ 4,99,000 ಕಾಂಪ್ (ಅದರ ಟೋಕನ್) ಒಂದು ಗುಂಪಿನ ಕೈಗೆ ಹೋಗುವುದರಲ್ಲಿತ್ತು, ಗಲಾಟೆಯಾಗಿ ನಿಂತಿತು. ಮಲಗಿದ್ದ ಡೆಲಿಗೇಟ್‌ಗಳು ಎದ್ದಿದ್ದರೆ ಆ ಅಂತರ ದೊಡ್ಡದಲ್ಲ.

ಯೂನಿಸ್ವಾಪ್‌ನಲ್ಲಿ ಗೆದ್ದ ಠರಾವೂ ತಕ್ಷಣ ಜಾರಿಯಾಗದು. ಟೈಮ್‌ಲಾಕ್‌ನಲ್ಲಿ, ಅಂದರೆ ಕಡ್ಡಾಯ ಕಾಯುವಿಕೆಯಲ್ಲಿ, 2 ದಿನ ಕೂರಬೇಕು. ಆಮೇಲೆ ಎಕ್ಸಿಕ್ಯೂಟ್ ಗುಂಡಿಯನ್ನು ಯಾರು ಬೇಕಾದರೂ ಒತ್ತಬಹುದು, ಗ್ಯಾಸ್ ಮಾತ್ರ ಒತ್ತಿದವರ ಜೇಬಿನಿಂದ.