ಎರಡೂ ಕಡೆ ಹರಿಯುವ ನೀರಲ್ಲಿ ಒಬ್ಬನೇ

ಮಂಡ್ಯದ ಕಡೆಯವರಿಗೆ ನೀರು ಹೊಸದಲ್ಲ. ನಾಲೆಯಲ್ಲಿ ಈಜು ಕಲಿತಿರುತ್ತೇವೆ, ಶ್ರೀರಂಗಪಟ್ಟಣದ ಹತ್ತಿರ ಹರಿಗೋಲು ಹತ್ತಿರುತ್ತೇವೆ. ಆದರೆ ನಮಗೆ ಗೊತ್ತಿರುವುದೆಲ್ಲ ಒಂದೇ ಕಡೆ ಹೋಗುವ ನೀರು. ಕಾವೇರಿ ಬೆಳಿಗ್ಗೆ ಹರಿದ ದಿಕ್ಕಿಗೇ ಸಂಜೆಯೂ ಹರಿಯುತ್ತಾಳೆ. ಕರಾವಳಿಯ ಹೊಳೆಗಳು ಹಾಗಲ್ಲ. ಸಮುದ್ರ ಸೇರುವ ಜಾಗದ ಹತ್ತಿರ ಅವು ದಿನಕ್ಕೆ ಎರಡು ಸಲ ಇಳಿಯುತ್ತವೆ, ಎರಡು ಸಲ ವಾಪಸ್ ಏರುತ್ತವೆ. ಉಡುಪಿ ಕಡೆ ಒಬ್ಬನೇ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ಕಿರಿದಾದ ದೋಣಿ) ಹಾಕಿಕೊಂಡು ಹೋಗಬೇಕು ಅಂತ ಆಸೆಯಾದಾಗ, ಹುಟ್ಟು ಹಾಕೋದನ್ನ ಮೈಸೂರಲ್ಲೇ ಕಲಿತೆ. ಈ ಉಬ್ಬರ-ಇಳಿತದ ಲೆಕ್ಕ ತಲೆಗೆ ಹತ್ತೋದಕ್ಕೇ ಜಾಸ್ತಿ ಸಮಯ ಬೇಕಾಯಿತು.

ಕಲಿತದ್ದು ತಿ. ನರಸೀಪುರ ರಸ್ತೆಯ ವರುಣಾ ಕೆರೆಯಲ್ಲಿ. ಮನೆ ಹತ್ತಿರವೇ ಕಾವೇರಿ ಇರುವಾಗ ಕೆರೆಗೆ ಯಾಕೆ ಅಂತ ಕೇಳಿದವರಿದ್ದಾರೆ. ರಂಗನತಿಟ್ಟಿನ ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳನ್ನು ನೋಡಿದವರು ಈ ಪ್ರಶ್ನೆ ಕೇಳುವುದಿಲ್ಲ. ಅದೂ ಅಲ್ಲದೆ ಅಣೆಕಟ್ಟೆಯಿಂದ ನೀರು ಬಿಟ್ಟರೆ ಹೊಳೆಯ ಸ್ವಭಾವವೇ ಬದಲಾಗುತ್ತದೆ.

ಒಬ್ಬರೇ ಹೋಗುವವರು ಮೊದಲು ಕಲಿಯಬೇಕಾದದ್ದು ಮಗುಚಿದ ದೋಣಿಗೆ ವಾಪಸ್ ಹತ್ತುವುದು. ದೋಣಿ ನೆಟ್ಟಗೆ ಮಾಡಿ ಅದರ ಪಕ್ಕ ನೇತಾಡಿಕೊಂಡು ಕೈಬಲದಿಂದ ಮೇಲೆ ಎಳೆದುಕೊಳ್ಳೋಕೆ ಹೋದರೆ ಅದು ಮತ್ತೆ ಮೈಮೇಲೆ ಮಗುಚುತ್ತದೆ. ಕಾಲು ಜೋರಾಗಿ ಬಡಿದು ಮೊದಲು ಮೈಯನ್ನು ನೀರಿನ ಮಟ್ಟಕ್ಕೆ ತರಬೇಕು. ಆಮೇಲೆ ಹೊಟ್ಟೆ ಮೇಲೆ ಜಾರಿ ದೋಣಿಗೆ ಅಡ್ಡ ಮಲಗಬೇಕು. ಉಸಿರು ತೆಗೆದುಕೊಂಡು, ನಿಧಾನವಾಗಿ ತಿರುಗಿ ಕೂರಬೇಕು. ತರಬೇತಿಯವರು ಪಕ್ಕದಲ್ಲಿದ್ದಾಗ ಇದನ್ನು ಸುಸ್ತಾಗಿರುವಾಗಲೂ ಮಾಡಿ ನೋಡಿ. ಮಗುಚುವುದು ಸಾಮಾನ್ಯವಾಗಿ ಸುಸ್ತಾದಾಗಲೇ ಅಲ್ವಾ?

ಇನ್ನು ಲೆಕ್ಕದ ವಿಷಯ. ಉಬ್ಬರ ತುಂಬಿದ ಮೇಲೆ ಪೂರ್ತಿ ಇಳಿಯಲು ಸುಮಾರು 6 ಗಂಟೆ 12 ನಿಮಿಷ. ಮತ್ತೆ ತುಂಬಲು ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಉಬ್ಬರ ತುಂಬುವುದು ಇವತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಏರಿಳಿತ ಜೋರು, ಅಷ್ಟಮಿಯ ಆಸುಪಾಸು ಮೆತ್ತಗೆ. ಈ ಆರು ಗಂಟೆ ಉದ್ದಕ್ಕೂ ನೀರು ಒಂದೇ ಸಮನೆ ಓಡುವುದಿಲ್ಲ. ಮೊದಲ ಗಂಟೆ ಸುಮ್ನೆ ಅಲುಗಾಡುತ್ತದೆ, ಮೂರನೇ ಮತ್ತು ನಾಲ್ಕನೇ ಗಂಟೆಯಲ್ಲೇ ಅರ್ಧಕ್ಕರ್ಧ ನೀರು ಓಡಿಹೋಗುತ್ತದೆ. ಕಡಲಿನ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ, ಹೈದರಾಬಾದಿನ ಇನ್‌ಕಾಯಿಸ್ (INCOIS), ಉಬ್ಬರದ ಹೊತ್ತು, ಅಲೆ, ಗಾಳಿಯ ಮುನ್ಸೂಚನೆ ಎಲ್ಲ ಕೊಡುತ್ತದೆ. ಆದರೆ ಪಟ್ಟಿಯಲ್ಲಿರುವುದು ಕಡಲ ಬದಿಯ ಹೊತ್ತು. ಹೊಳೆಯ ಒಳಗೆ ಹೋದಷ್ಟೂ ತಡವಾಗುತ್ತದೆ.

ನಾನು ಆರಿಸಿಕೊಂಡದ್ದು ಸೀತಾ ಮತ್ತು ಸ್ವರ್ಣಾ ನದಿಗಳು ಸೇರಿ ಕಡಲಿಗೆ ಬೀಳುವ ಕೋಡಿ ಬೆಂಗ್ರೆಯ ಸುತ್ತಲ ನೀರು. ಮಾಬುಕಳ ಸೇತುವೆಯ ಹತ್ತಿರ ಸೀತೆಗೆ ಇಳಿದು, ಇಳಿತದ ಜೊತೆ ಕೋಡಿ ಬೆಂಗ್ರೆಗೆ. ಅಲ್ಲಿಂದ ಉಬ್ಬರದ ಜೊತೆ ಸ್ವರ್ಣೆಯಲ್ಲಿ ಮೇಲಕ್ಕೆ, ಕಲ್ಯಾಣಪುರದವರೆಗೆ. ಬೆಳಗಿನ ಜಾವ ಉಬ್ಬರ ತುಂಬಿ, ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಇಳಿಯುವ ದಿನ ಬೇಕಿತ್ತು. ಹುಡುಕಿದರೆ ಅದು ಅಷ್ಟಮಿ-ನವಮಿಯ ಹತ್ತಿರವೇ ಸಿಕ್ಕಿತು. ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ನಾನು ತಿಥಿ ನೋಡುತ್ತಿರುವುದನ್ನು ಕಂಡು ಅವ್ವನಿಗೆ ಮೊದಲು ಖುಷಿಯಾಯಿತು. ವಿಷಯ ಗೊತ್ತಾದ ಮೇಲೆ, "ಒಬ್ನೇ ಓಯ್ತೀಯೇನ್ಲಾ, ಬುದ್ಧಿಗಿದ್ಧಿ ಅದಾ?" ಅಂದಳು.

ಮಳೆಗಾಲದಲ್ಲಿ ಇದು ಆಗದ ಮಾತು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ ಇರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ನನ್ನದು ಗಾಳಿ ತುಂಬುವ ಕಯಾಕ್. ಮಡಚಿದರೆ ದೊಡ್ಡದೊಂದು ಬ್ಯಾಗು, ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಕೂರುತ್ತದೆ. ಲೈಫ್ ಜಾಕೆಟ್ ಮೈಮೇಲೆ, ಸೀಟಿ ಜಾಕೆಟ್ಟಿಗೆ, ಹುಟ್ಟು ಹಗ್ಗದಲ್ಲಿ ದೋಣಿಗೆ. ಫೋನ್ ಮಾತ್ರ ದೋಣಿಗೆ ಕಟ್ಟಬೇಡಿ. ದೋಣಿ ಕೈತಪ್ಪಿ ಹೋದರೆ ಫೋನೂ ಹೋಗುತ್ತದೆ. ನೀರು ಒಳಗೆ ಹೋಗದ ಚೀಲದಲ್ಲಿ ಹಾಕಿ ಎದೆಗೆ ಕಟ್ಟಿಕೊಳ್ಳಿ. ಕರಾವಳಿ ಕಾವಲು ಪೊಲೀಸರ 1093, ಕೋಸ್ಟ್ ಗಾರ್ಡ್‌ನ 1554 ಅದರಲ್ಲಿರಲಿ. ಸುತ್ತಲೂ ನೀರಿದ್ದರೂ ಕುಡಿಯೋಕೆ ಬರುವುದಿಲ್ಲ, ನಾಲ್ಕೈದು ಲೀಟರ್ ಹೊರಲೇಬೇಕು. ತಿನ್ನೋಕೆ ಹುರಿಹಿಟ್ಟು, ಬೆಲ್ಲ. ಎಲ್ಲಿ ಇಳಿಯುತ್ತೇನೆ, ಎಲ್ಲಿ ಹತ್ತುತ್ತೇನೆ, ಎಷ್ಟು ಹೊತ್ತಿಗೆ ಫೋನ್ ಬರದಿದ್ದರೆ ಯಾರಿಗೆ ಹೇಳಬೇಕು ಅಂತ ಚೀಟಿ ಬರೆದು ಮನೆಯಲ್ಲಿ ಕೊಟ್ಟಿದ್ದೆ.

ಬೆಳಿಗ್ಗೆ ಸೀತಾ ನದಿಯಲ್ಲಿ ಕೆಲಸವೇ ಇರಲಿಲ್ಲ. ನೀರೇ ಕರೆದುಕೊಂಡು ಹೋಯಿತು. ದಡದ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ಸಂದಿಗೆ ನುಗ್ಗಬೇಕು ಅನ್ನಿಸುತ್ತದೆ, ಆದರೆ ಇಳಿತದ ಹೊತ್ತಲ್ಲಿ ಅಲ್ಲಿ ಸಿಕ್ಕಿಕೊಂಡರೆ ಮುಂದಿನ ಉಬ್ಬರದವರೆಗೆ ಕೆಸರಲ್ಲಿ ಕೂರಬೇಕು. ಬೇರಿಗೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟೇ ಹರಿತ, ಗಾಳಿ ತುಂಬಿದ ದೋಣಿಗೆ ಅವು ಆಗಿಬರುವುದಿಲ್ಲ. ನೀರು ಇಳಿದಂತೆ ಹೊಳೆಯ ನಡುವೆಯೇ ಜನ ಸೊಂಟದ ಮಟ್ಟ ನಿಂತು ಚಿಪ್ಪು ಹೆಕ್ಕುತ್ತಾರೆ. ಅವರು ನಿಂತ ಜಾಗ ಆಳವಿಲ್ಲ ಅಂತ ತಿಳಿದು ಬಳಸಿಕೊಂಡು ಹೋದೆ.

ಇಡೀ ದಾರಿಯಲ್ಲಿ ಹೆದರಬೇಕಾದ ಜಾಗ ಅಳಿವೆ, ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ಹೊರಗೆ ಓಡುವ ಹೊಳೆಗೆ ಒಳಗೆ ಬರುವ ಅಲೆ ಎದುರಾಗಿ ಅಲ್ಲಿ ನೀರು ಎದ್ದು ಒಡೆಯುತ್ತದೆ. ನಾನು ಸೀತೆಯಿಂದ ಬೆಂಗ್ರೆಯ ದಂಡೆಗೆ ದಾಟಬೇಕಾಗಿದ್ದದ್ದು ಅದರ ಒಳಬದಿಯಲ್ಲೇ. ಹಾಗಾಗಿ ಹಂಗಾರಕಟ್ಟೆಯ ಬದಿಯಲ್ಲಿ ದೋಣಿ ಎಳೆದು ಕಾದು ಕುಳಿತೆ. ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು, "ಒಬ್ರೇ ಬಂದದ್ದಾ? ಈಗ ದಾಟ್ಬೇಡಿ ಮಾರಾಯ್ರೆ. ಹೊರಗೆ ಎಳೆದ್ರೆ ವಾಪಸ್ ಬರ್ಲಿಕ್ಕೆ ಆಗೂದಿಲ್ಲ" ಅಂದರು. ಹೊತ್ತು ನೋಡೋಕೆ ಅವರು ತೋರಿಸಿದ ಗುರುತು ನನ್ನ ಪಟ್ಟಿಗಿಂತ ಚೆನ್ನಾಗಿತ್ತು. ಲಂಗರು ಹಾಕಿದ ದೋಣಿಗಳ ಮೂತಿ ನೀರು ಬರುವ ಕಡೆಗೇ ಇರುತ್ತದೆ. ಆಗ ಎಲ್ಲವೂ ಊರಿನ ಕಡೆ ಮುಖ ಮಾಡಿದ್ದವು. ಸ್ವಲ್ಪ ಹೊತ್ತಿಗೆ ಹಗ್ಗಗಳು ಸಡಿಲವಾದವು. ನೊರೆ ಒಂದೇ ಕಡೆ ನಿಂತಿತು. ಮೊದಲು ಚಿಕ್ಕ ದೋಣಿ, ಆಮೇಲೆ ದೊಡ್ಡವು, ಯಾರೂ ಮುಟ್ಟದೆ ಅಡ್ಡಡ್ಡ ತಿರುಗತೊಡಗಿದವು. "ಈಗ ಹೋಗಿ" ಅಂದರು. ದಾಟಿದೆ.

ಕೋಡಿ ಬೆಂಗ್ರೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಅಲ್ಲೇ ಊಟ. ಮಧ್ಯಾಹ್ನ ಕಡಲಗಾಳಿ ಏಳುತ್ತದೆ. ಇಳಿತದ ಹೊತ್ತಲ್ಲಿ ಅದು ಎದುರುಗಾಳಿ, ನೀರೂ ಗಾಳಿಯೂ ಗುದ್ದಾಡಿ ದೋಣಿ ಕುಣಿಯುತ್ತದೆ. ಉಬ್ಬರದ ಜೊತೆ ಒಳಗೆ ಹೋಗುವವರಿಗೆ ಅದೇ ಗಾಳಿ ಬೆನ್ನಿಗೆ. ಕೆಮ್ಮಣ್ಣಿನ ಕಡೆ ಹೊಳೆ ಕುದ್ರುಗಳ (ಹೊಳೆ ನಡುವಿನ ದ್ವೀಪಗಳ) ನಡುವೆ ಕವಲೊಡೆಯುತ್ತದೆ. ಅಲ್ಲಿ ನಿಂತು ಯೋಚಿಸದೆ ನೀರು ಜಾಸ್ತಿ ಓಡುತ್ತಿದ್ದ ಕವಲನ್ನೇ ಹಿಡಿದೆ. ಕಲ್ಯಾಣಪುರದ ಸೇತುವೆ ಕಂಡಾಗ ಇನ್ನೂ ಬಿಸಿಲಿತ್ತು. ದಡಕ್ಕೆ ಹತ್ತಿ ಮೊದಲು ಅವ್ವನಿಗೆ ಫೋನ್ ಮಾಡಿದೆ.

ಊರಿಗೆ ಬಂದ ದಿನವೇ ದೋಣಿಯನ್ನು ತಾರಸಿ ಮೇಲೆ ಬಿಡಿಸಿ ಸಿಹಿನೀರಲ್ಲಿ ತೊಳೆಯಬೇಕು. ವಾಲ್ವ್‌ನ ಸಂದಿ, ಜಾಕೆಟ್ಟಿನ ಜಿಪ್ಪು, ಹುಟ್ಟಿನ ಜೋಡಣೆ ಎಲ್ಲ ಕಡೆ ಉಪ್ಪು ಕೂತಿರುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿಯೇ ಮಡಚಿ. ತೇವ ಉಳಿದರೆ ಮುಂದಿನ ಸಲ ಬಿಚ್ಚುವಾಗ ಬೂಸಲು ವಾಸನೆ ಹೊಡೆಯುತ್ತದೆ.