ಮಲೆನಾಡಲ್ಲಿ ಕಿರುಚಿತ್ರ ತೆಗೆಯುವವರಿಗೆ ಒಂದೆರಡು ಮಾತು

ಶಿವಮೊಗ್ಗದಿಂದ ಕ್ಲಾಸಿನ ಪ್ರಾಜೆಕ್ಟ್‌ಗೆ ಅಂತ ಆಗುಂಬೆ, ತೀರ್ಥಹಳ್ಳಿ ಕಡೆ ಹೊರಟಿದ್ದೀರಾ? ಕ್ಯಾಮೆರಾ ತೆಗೆಯುವ ಮೊದಲು ಅಲ್ಲಿ ಸುಮ್ನೆ ನಿಂತು ಸದ್ದು ಕೇಳಿ. ತಗಡಿನ ಮಾಡಿನ ಕೆಳಗೆ ಮಳೆ ಹಿಡಿದರೆ ಮಾತು ಒಂದೂ ಕೇಳಿಸುವುದಿಲ್ಲ. ಮಾತಿನ ದೃಶ್ಯಗಳನ್ನು ಮಳೆ ಬಿಟ್ಟು ಹೊಳವಾದ ಹೊತ್ತಿಗೆ ಇಟ್ಟುಕೊಳ್ಳಿ. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಅರ್ಧ ನಿಮಿಷ ಬರೀ ಸದ್ದು ರೆಕಾರ್ಡ್ ಮಾಡಿ. ಎಡಿಟಿಂಗ್‌ನಲ್ಲಿ ಎರಡು ಶಾಟ್ ಜೋಡಿಸುವಾಗ ಅದು ಕೈ ಹಿಡಿಯುತ್ತದೆ.

ಟ್ಯೂಬ್‌ಲೈಟ್ ಕೆಳಗೆ ತೆಗೆದರೆ ಪರದೆ ಮೇಲೆ ಪಟ್ಟಿಗಳು ಓಡುತ್ತವೆ ಅಲ್ವಾ? ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಅದರ ಲಯಕ್ಕೇ ಮಿನುಗುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಟ್ಟರೆ ಬಹುತೇಕ ಹೋಗುತ್ತವೆ.

ತೆಗೆಯಬೇಕಾದ ಶಾಟ್‌ಗಳ ಪಟ್ಟಿಯಲ್ಲಿ ಕೊನೆಗೊಂದು ಕಾಲಂ ಹಾಕಿ: ‘ಈ ಶಾಟ್ ಯಾಕೆ?’ ಚೆಂದ ಕಾಣುತ್ತೆ ಅನ್ನುವುದು ಉತ್ತರವಲ್ಲ. ಅಡಿಕೆ ಸುಲಿಯುವ ಅಜ್ಜಿಯ ಕೈ ಮಾತ್ರ ಕ್ಲೋಸಪ್‌ನಲ್ಲಿದೆ, ಮುಖ ಯಾಕಿಲ್ಲ? ಅವತ್ತೇ ಬರೆದಿಟ್ಟರೆ ಚಿತ್ರದ ಜೊತೆ ಕೊಡುವ ವರದಿಯ ವಿಶ್ಲೇಷಣೆ ಅರ್ಧ ಮುಗಿದಂತೆ. (ಶೂಟಿಂಗ್ ಮುಗಿದ ಮೇಲೆ ಕಾರಣ ಹುಡುಕುವುದು ದೊಡ್ಡ ತಲೆನೋವು.)

ಎಡಿಟ್ ಆದ ಚಿತ್ರವನ್ನು ಒಮ್ಮೆ ಸದ್ದು ಬಂದ್ ಮಾಡಿ ನೋಡಿ, ಇನ್ನೊಮ್ಮೆ ಪರದೆ ನೋಡದೆ ಬರೀ ಕೇಳಿ. ಕಥೆ ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ವರದಿಯಲ್ಲಿ ಬಿಡಿಸಿ ಬರೆಯಿರಿ. ಕಥಾಸಾರಕ್ಕೆ ಎರಡು ಸಾಲು ಸಾಕು.