ಗೊದಮೊಟ್ಟೆಯಿಂದ ಕಪ್ಪೆಮರಿಯವರೆಗೆ: ನಾನು ಅನುಸರಿಸುವ ಕ್ರಮ

ಸಾಕಿದ ಗೊದಮೊಟ್ಟೆಗಳು ಹಸಿವಿನಿಂದ ಸಾಯುವುದು ಕಡಿಮೆ, ನೀರು ಕೆಟ್ಟು ಸಾಯುವುದೇ ಹೆಚ್ಚು. ಅವುಗಳ ಚರ್ಮ ಬಹಳ ತೆಳು. ಆಮ್ಲಜನಕ ಒಳಹೋಗುವ ದಾರಿಯಲ್ಲೇ ವಿಷವೂ ಒಳಹೋಗುತ್ತದೆ. ಹಾಗಾಗಿ ಸೋಪು, ಕ್ರೀಮು ಹತ್ತಿದ ಕೈಯನ್ನು ನಾನು ತೊಟ್ಟಿಗೆ ಅದ್ದುವುದೇ ಇಲ್ಲ.

ಕಪ್ಪೆ ಮೊಟ್ಟೆ ಲೋಳೆಯ ಮುದ್ದೆಯಾಗಿರುತ್ತದೆ, ನೆಲಗಪ್ಪೆಯದು ಸಾಮಾನ್ಯವಾಗಿ ಉದ್ದನೆಯ ಲೋಳೆದಾರ. ಅನುಮತಿ ಬೇಕಾದ ಕಡೆ ಅದನ್ನು ಪಡೆದು, ಹತ್ತು ಹದಿನೈದು ಮೊಟ್ಟೆಗಳನ್ನಷ್ಟೇ ತರುತ್ತೇನೆ. ಲೆಕ್ಕ ಸರಳ: ಒಂದು ಗೊದಮೊಟ್ಟೆಗೆ ಒಂದು ಲೀಟರ್ ನೀರು. ಇಕ್ಕಟ್ಟಾದರೆ ಬೆಳವಣಿಗೆ ಕುಂಠಿತವಾಗುತ್ತದೆ, ಕೆಲವು ಜಾತಿಗಳಲ್ಲಿ ಒಂದನ್ನೊಂದು ತಿನ್ನುವುದೂ ಉಂಟು. ಬೆಳ್ಳಗಾದ ಮೊಟ್ಟೆ ಸತ್ತದ್ದು. ಬೂಸ್ಟು ಪಕ್ಕದ್ದಕ್ಕೆ ಹಬ್ಬುವ ಮೊದಲೇ ಚಮಚದಲ್ಲಿ ತೆಗೆದುಬಿಡಬೇಕು.

ತೊಟ್ಟಿ ಆಳಕ್ಕಿಂತ ಅಗಲವಾಗಿರಲಿ. ಮಳೆನೀರು ಉತ್ತಮ. ನಲ್ಲಿ ನೀರಾದರೆ ಬಾಯಿ ತೆರೆದ ಬಕೆಟ್ಟಿನಲ್ಲಿ ಒಂದೆರಡು ದಿನ ಬಿಟ್ಟರೆ ಕ್ಲೋರಿನ್ ಹೋಗುತ್ತದೆ, ಆದರೆ ಕೆಲವೆಡೆ ಕ್ಲೋರಿನ್ ಬದಲು ಬೆರೆಸುವ ಕ್ಲೋರಮಿನ್ ಹೀಗೆ ಹೋಗದು. ಅದಕ್ಕೆ ಮೀನಿನ ತೊಟ್ಟಿಗೆ ಬಳಸುವ ಶುದ್ಧೀಕರಣ ದ್ರಾವಣವೇ ಬೇಕು. ಎರಡು ಮೂರು ದಿನಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸುತ್ತೇನೆ. ಹೊಸ ನೀರು ತೊಟ್ಟಿಯ ನೀರಿನಷ್ಟೇ ಬೆಚ್ಚಗೆ ಅಥವಾ ತಣ್ಣಗೆ ಇರಬೇಕು.

ಮೊಟ್ಟೆಯೊಡೆದ ಮೊದಲ ದಿನಗಳಲ್ಲಿ ಮರಿ ಲೋಳೆಗೆ ಅಂಟಿಕೊಂಡು ಸುಮ್ಮನಿರುತ್ತದೆ, ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿ ಭಂಡಾರವೇ ಅದರ ಆಹಾರ. ಈಜತೊಡಗಿದ ಮೇಲೆ ಪಾಚಿ ಹತ್ತಿದ ಕಲ್ಲು, ಬೇಯಿಸಿ ಆರಿಸಿದ ಲೆಟ್ಯೂಸ್ ಎಲೆಯ ಚೂರು, ಆಗೊಮ್ಮೆ ಈಗೊಮ್ಮೆ ಚಿಟಿಕೆ ಮೀನಿನ ಆಹಾರ ಸಾಕು. ಉಳಿದದ್ದನ್ನು ಅಂದೇ ತೆಗೆಯಬೇಕು. ನೀರು ನಾರಿದರೆ ಆಹಾರ ಹೆಚ್ಚಾಗಿದೆಯೆಂದೇ ಅರ್ಥ, ಅಮೋನಿಯ ಎಂಬ ವಿಷ ಆಗಲೇ ಏರಿರುತ್ತದೆ.

ಹಿಂಗಾಲು ನಿಧಾನವಾಗಿ, ಕಣ್ಣೆದುರೇ ಬೆಳೆಯುತ್ತದೆ. ಮುಂಗಾಲು ಚರ್ಮದಡಿ ಬೆಳೆದು ಒಮ್ಮೆಲೇ ಹೊರಬರುತ್ತದೆ. ಅಲ್ಲಿಂದ ಮುಂದಿನ ಕೆಲವು ದಿನಗಳೇ ನನಗೆ ಅತ್ಯಂತ ಆತಂಕದವು. ಥೈರಾಯ್ಡ್ ಹಾರ್ಮೋನಿನ ಪ್ರಭಾವದಿಂದ ಕಿವಿರು ಕರಗುತ್ತದೆ, ಉಸಿರಾಟ ಶ್ವಾಸಕೋಶಕ್ಕೆ ವರ್ಗವಾಗುತ್ತದೆ, ಬಾಯಿ ಅಗಲವಾಗುತ್ತದೆ, ಸೊಪ್ಪು ಅರಗಿಸುತ್ತಿದ್ದ ಉದ್ದನೆಯ ಕರುಳು ಮೋಟಾಗುತ್ತದೆ. ಈಗ ಅದು ತಿನ್ನುವುದಿಲ್ಲ. ಬಾಲ ಉದುರದೆ ಒಳಗೇ ಕರಗಿ ಪೋಷಣೆಯಾಗುತ್ತದೆ. ಇಲ್ಲಿ ಆಹಾರ ತುರುಕಿ ನೀರು ಕೆಡಿಸುವವರೇ ಹೆಚ್ಚು. ಮರಿಗೆ ಬೇಕಿರುವುದು ಹತ್ತಿ ಕೂರಲು ನೆಲ, ಇಲ್ಲವಾದರೆ ನೀರಿನಲ್ಲೇ ಉಸಿರುಗಟ್ಟುತ್ತದೆ. ಮೊಣಕೈಯ ಉಬ್ಬು ಕಂಡ ಕೂಡಲೇ ನೀರನ್ನು ನಾಲ್ಕು ಸೆಂಟಿಮೀಟರಿಗೆ ಇಳಿಸಿ, ತೊಟ್ಟಿಯನ್ನು ಓರೆಯಾಗಿಟ್ಟು, ಒಣಗಿರುವ ಬದಿಗೆ ಒದ್ದೆ ಹಾವಸೆ ಹಾಸುತ್ತೇನೆ. ಮೇಲೆ ಸಣ್ಣ ಕಣ್ಣಿನ ಬಲೆ ಬೇಕೇ ಬೇಕು, ಮರಿಗಳು ಗೋಡೆ ಏರುತ್ತವೆ.

ಬಾಲ ಮಾಯವಾದ ಮೇಲೆ ಮರಿಗೆ ಚಲಿಸುವ ಪುಟ್ಟ ಹುಳುಗಳೇ ಬೇಕು, ಅಲುಗದ ಆಹಾರ ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ತಡಮಾಡದೆ ಸಂಜೆ ಹೊತ್ತು, ಮೊಟ್ಟೆ ತಂದ ಅದೇ ಹೊಂಡದ ಅಂಚಿನ ಒದ್ದೆ ಹುಲ್ಲಿಗೆ ಬಿಡುತ್ತೇನೆ. ಬೇರೆ ಹೊಂಡ ಕೂಡದು: 1999ರಲ್ಲಿ ಹೆಸರಿಸಲಾದ ಕೈಟ್ರಿಡ್ ಶಿಲೀಂಧ್ರ ನೀರಿನೊಂದಿಗೂ ಕಪ್ಪೆಯೊಂದಿಗೂ ಸಾಗುತ್ತದೆ, ಹಲವು ಜಾತಿಗಳನ್ನು ಅಳಿವಿನಂಚಿಗೆ ತಂದಿದೆ. ಒಣಗಿದರೆ ಅದು ಬದುಕದು. ತೊಟ್ಟಿ, ಬಲೆ, ಚಮಚಗಳನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಮೇಲಷ್ಟೇ ಒಳಗಿಡುತ್ತೇನೆ.